ಹರವಿಯಿಂದ ಫ್ರಿಜ್‌ವರೆಗೆ: ನಮ್ಮ ಅಡುಗೆಮನೆಯ ತಂಪಿನ ಕಥೆ



ಕಳೆದ ಬೇಸಿಗೆಯಲ್ಲಿ ಸೊಲ್ಲಾಪುರದ ನಮ್ಮ ಮನೆಯ ಫ್ರಿಜ್ ಅನ್ನು ನಾವೇ ಕೈಯಾರೆ ಕೆಡಿಸಿದೆವು. ಫ್ರೀಜರಿನಲ್ಲಿ ಬರ್ಫ ದಪ್ಪಗೆ ಕಟ್ಟಿ, ಐಸ್ ಟ್ರೇ ಅದಕ್ಕೆ ಅಂಟಿಕೊಂಡಿತ್ತು. ಎಷ್ಟು ಎಳೆದರೂ ಬರಲಿಲ್ಲ. ಚಾಕು ತುರುಕಿ ಎಬ್ಬಿಸಲು ಹೋದೆವು. ‘ಸುಸ್’ ಎಂದು ಸದ್ದಾಯಿತು. ಸಂಜೆಯ ಹೊತ್ತಿಗೆ ಹಾಲು ಒಡೆದಿತ್ತು.

ರಿಪೇರಿಗೆ ಬಂದ ಅಣ್ಣ ಮೊದಲು ಕೇಳಿದ್ದು, “ಕಿಟಕಿ ತೆಗದಿದ್ರಿಲ್ಲೋ? ಗ್ಯಾಸ್ ಒಲಿ ಹಚ್ಚಿದ್ದಿಲ್ಲಲ್ಲ?” ಆಮೇಲೆ ನಕ್ಕು ಹೇಳಿದರು: “ಚಾಕು ಹಾಕಬ್ಯಾಡ್ರಿ ಅಂತ ಪುಸ್ತಕದಾಗ ಬರದಿರ್ತದ. ಯಾರೂ ಓದಂಗಿಲ್ಲ.”

ನಿಜ. ಆ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು. ಅವತ್ತು ತೆಗೆದು ಓದಿದೆವು. ಗೋಡೆಯಿಂದ ದೂರವಿಡಿ, ಬಾಗಿಲು ಪದೇಪದೇ ತೆಗೆಯಬೇಡಿ, ಚೂಪಾದ ವಸ್ತು ಬಳಸಬೇಡಿ ಎಂದೆಲ್ಲ ಇತ್ತು. ಏಕೆ ಎಂದು ಮಾತ್ರ ಎಲ್ಲೂ ಇರಲಿಲ್ಲ. ಆ ‘ಏಕೆ’ಯನ್ನು ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಒಂದು ದೊಡ್ಡ ಇತಿಹಾಸ.

ಅಜ್ಜಿಯ ಹರವಿ

ಈ ಇತಿಹಾಸ ಅಕ್ಕಲಕೋಟದ ಕಡೆಯ ಯಾವುದೇ ಹಳೆಯ ಮನೆಯಿಂದ ಶುರುವಾಗಬಹುದು. ಅಡುಗೆಮನೆಯ ಮೂಲೆಯಲ್ಲಿ ಹಸಿ ಉಸುಕಿನ ಮೇಲೆ ಹರವಿ, ಅದರ ಸುತ್ತ ಒದ್ದೆ ಬಟ್ಟೆ. ಹಾಲಿನ ಪಾತ್ರೆ ನೀರು ತುಂಬಿದ ತಾಟಿನಲ್ಲಿ. ಬೆಣ್ಣೆ, ಮೊಸರು ಬೆಕ್ಕಿಗೆ ಸಿಗದಂತೆ ನೆಲುವಿನ ಮೇಲೆ.

ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖದ ಬಹುಪಾಲನ್ನು ಅದು ಹರವಿಯಿಂದಲೇ ತೆಗೆದುಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟಿದರೂ ಗಾಳಿ ಒಣದು, ಅದಕ್ಕೇ ಹರವಿಯ ನೀರು ಅಷ್ಟು ತಂಪು. ಮಳೆಗಾಲದ ತೇವದಲ್ಲಿ ಅದೇ ಹರವಿ ಸೋಲುತ್ತದೆ.

ಹಿರಿಯರಿಗೆ ಇನ್ನೊಂದು ಉಪಾಯವೂ ಗೊತ್ತಿತ್ತು. ಖಡಕ್ ಭಕ್ರಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಒಣಮೆಣಸಿನಕಾಯಿ ಇವು ಯಾವುದಕ್ಕೂ ಫ್ರಿಜ್ ಬೇಡ. ನೀರನ್ನು ತೆಗೆದುಬಿಟ್ಟರೆ, ಇಲ್ಲವೆ ಉಪ್ಪು ಹಾಕಿ ಕಟ್ಟಿಹಾಕಿದರೆ, ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬದುಕಲು ದಾರಿಯಿಲ್ಲ.

ಫ್ರಿಜ್ ಮಾಡುವುದೂ ಹರವಿಯ ಕೆಲಸವನ್ನೇ. ನೀರಿನ ಬದಲು ಕೊಳವೆಯೊಳಗಿನ ದ್ರವ ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಹರವಿಯ ಆವಿ ಗಾಳಿಗೆ ಹೋಗಿಬಿಡುತ್ತದೆ. ಫ್ರಿಜ್‌ನಲ್ಲಿ ಕಂಪ್ರೆಸರ್ ಆ ಆವಿಯನ್ನು ಹಿಡಿದು ಒತ್ತುತ್ತದೆ, ಅದು ತನ್ನ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಶಾಖ ಹೊರಬೀಳುವುದು ಹಿಂದಿನ ಕಪ್ಪು ಜಾಲರಿಯಿಂದ, ಕೆಲವು ಫ್ರಿಜ್‌ಗಳಲ್ಲಿ ಪಕ್ಕದ ಗೋಡೆಗಳಿಂದ. ಫ್ರಿಜ್ ಅನ್ನು ಗೋಡೆಗೆ ಒತ್ತಿಟ್ಟರೆ ಆ ಶಾಖ ಎಲ್ಲಿಗೆ ಹೋಗಬೇಕು? ಹಿಂದೆ ಒಂದು ಗೇಣಿನಷ್ಟಾದರೂ ಜಾಗ ಬಿಡಿ, ಒಲೆಯ ಪಕ್ಕ ಇಡಬೇಡಿ, ಜಾಲರಿಯ ಧೂಳು ಆಗಾಗ ಒರೆಸಿ.

ಬಾಸ್ಟನ್‌ನಿಂದ ಬಂದ ಬರ್ಫ

ಯಂತ್ರ ಬರುವ ಮೊದಲು ನಮ್ಮ ದೇಶಕ್ಕೆ ಬರ್ಫ ಬಂದದ್ದು ಹಡಗಿನಲ್ಲಿ. ಅಮೆರಿಕದ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಅಲ್ಲಿಯ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಬರ್ಫವನ್ನು ಗರಗಸದಿಂದ ಕೊಯ್ಸಿ ಮಾರುತ್ತಿದ್ದ. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಬರ್ಫ ಹೊತ್ತು ಹೊರಟಿತು. ನಾಲ್ಕು ತಿಂಗಳ ಪಯಣ ಮುಗಿಸಿ ಕಲ್ಕತ್ತೆ ಮುಟ್ಟಿದಾಗ ಅದರಲ್ಲಿ ಸುಮಾರು 100 ಟನ್ ಇನ್ನೂ ಉಳಿದಿತ್ತು! ಮರುವರ್ಷವೇ ಬರ್ಫ ಮುಂಬಯಿಗೂ ಬಂತು. ಅಲ್ಲಿ ಜಮ್ಶೆಟ್‌ಜೀ ಜೀಜಿಭಾಯಿ ತಮ್ಮ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರು, ತಿಂದವರಿಗೆ ನೆಗಡಿಯಾಯಿತು ಎಂದು ಪತ್ರಿಕೆ ಬರೆಯಿತು. ಚೆನ್ನೈನಲ್ಲಿ ಈ ಬರ್ಫ ಇಡಲು ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. ಈಗ ಅದು ವಿವೇಕಾನಂದರ ಸ್ಮಾರಕ.

ನಮಗೆ ಸೋಜಿಗವೆನಿಸಿದ್ದು ಇನ್ನೊಂದು ಸಂಗತಿ. ಮುಂದೆ ಸೊಲ್ಲಾಪುರದಲ್ಲಿ ಶಾಲೆಗಳನ್ನು ನಡೆಸಿದ ಅಮೆರಿಕನ್ ಮರಾಠಿ ಮಿಶನ್ನಿನ ಮೂಲವೂ ಬಾಸ್ಟನ್ ಇರುವ ಅದೇ ಮ್ಯಾಸಚೂಸೆಟ್ಸ್ ಪ್ರಾಂತ. ಅಲ್ಲಿಂದಲೇ ಮಿಶನರಿಗಳು ಬಂದರು, ಅಲ್ಲಿಂದಲೇ ಬರ್ಫವೂ ಬಂತು.

ಸಮಭಾಜಕವೃತ್ತವನ್ನು ಎರಡು ಸಲ ದಾಟಿದರೂ ಬರ್ಫ ಉಳಿದದ್ದು ಹೇಗೆ? ಕಟ್ಟಿಗೆಯ ಹೊಟ್ಟಿನಿಂದ. ಹೊಟ್ಟಿನ ನಡುವೆ ಸಿಕ್ಕ ಗಾಳಿ ಹೊರಗಿನ ಶಾಖವನ್ನು ಒಳಗೆ ಬಿಡುವುದಿಲ್ಲ. ಇಂದಿನ ಫ್ರಿಜ್‌ನ ಗೋಡೆಯೊಳಗಿನ ಪಫ್ ಆ ಹೊಟ್ಟಿನ ಮೊಮ್ಮಗ. ಆದರೆ ಬಾಗಿಲು ತೆರೆದಿದ್ದರೆ ಯಾವ ಹೊಟ್ಟೂ ಉಪಯೋಗವಿಲ್ಲ. ಲೈಟ್ ಹೋದಾಗ ಬಾಗಿಲು ಮುಚ್ಚಿಯೇ ಇಟ್ಟರೆ ಫ್ರಿಜ್ ಸುಮಾರು 4 ತಾಸು ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ ಅದಕ್ಕಿಂತ ಬಹಳ ಹೆಚ್ಚು. ಬಾಗಿಲಿನ ರಬ್ಬರ್ ಸರಿಯಿದೆಯೇ ನೋಡಲು ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ತಂಪೂ ಹಾಗೇ ಹೊರಗೆ ಹೋಗುತ್ತಿದೆ.

ಚಾಕು ಏಕೆ ಬೇಡ

ಆವಿಯನ್ನು ಒತ್ತಿ ತಂಪು ಮಾಡುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಪೇಟೆಂಟ್ ಪಡೆದದ್ದು 1834ರಲ್ಲಿ, ಮುಂಬಯಿಗೆ ಬರ್ಫ ಬಂದ ವರ್ಷವೇ. ಅದು ಮನೆಯೊಳಗೆ ಕಾಲಿಡಲು ಮತ್ತೆ ಎಂಬತ್ತು ವರ್ಷ ಹಿಡಿಯಿತು. ಮೊದಮೊದಲು ತುಂಬುತ್ತಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಎಲ್ಲವೂ ವಿಷ. ಬರ್ಲಿನ್‌ನಲ್ಲಿ ಫ್ರಿಜ್‌ನಿಂದ ಸೋರಿದ ಗ್ಯಾಸಿಗೆ ಒಂದು ಕುಟುಂಬವೇ ಬಲಿಯಾದ ಸುದ್ದಿ ಓದಿ ಆಲ್ಬರ್ಟ್ ಐನ್‌ಸ್ಟೈನ್ ಮನನೊಂದರಂತೆ. ತಮ್ಮ ಗೆಳೆಯ ಲಿಯೋ ಜಿಲಾರ್ಡ್ ಜೊತೆ ಸೇರಿ ಸೋರದ ಫ್ರಿಜ್ ರೂಪಿಸಿ, 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದು ಮಾರುಕಟ್ಟೆಗೆ ಬರಲಿಲ್ಲ. ಅದೇ ಹೊತ್ತಿಗೆ ಥಾಮಸ್ ಮಿಜ್ಲಿಯ ತಂಡ ವಿಷವಲ್ಲದ, ಉರಿಯದ ಫ್ರಿಯಾನ್ ಕಂಡುಹಿಡಿದಿತ್ತು.

ಜಗತ್ತು ನಿಟ್ಟುಸಿರು ಬಿಟ್ಟಿತು. ಆದರೆ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಈ ಗುಂಪಿನ ಗ್ಯಾಸುಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. ಇಂದಿನ ಬಹುಪಾಲು ಹೊಸ ಫ್ರಿಜ್‌ಗಳಲ್ಲಿರುವುದು ಐಸೊಬ್ಯುಟೇನ್. ಓಝೋನಿಗೆ ಕೆಡುಕಿಲ್ಲ, ಆದರೆ ಅದು ಉರಿಯುತ್ತದೆ. ಆ ಅಣ್ಣ ಮೊದಲು ಒಲೆಯ ಬಗ್ಗೆ ಕೇಳಿದ್ದು ಇದಕ್ಕೇ!

ಫ್ರೀಜರಿನ ಗೋಡೆಯೊಳಗೇ ಆ ಗ್ಯಾಸಿನ ಕೊಳವೆ ಇರುತ್ತದೆ. ಬರ್ಫ ಅರ್ಧ ಸೆಂಟಿಮೀಟರ್ ದಾಟಿದರೆ ಡಿಫ್ರಾಸ್ಟ್ ಗುಂಡಿ ಒತ್ತಿ, ಇಲ್ಲವೆ ಸ್ವಿಚ್ ಆಫ್ ಮಾಡಿ, ತಾನಾಗಿ ಕರಗಲು ಬಿಡಿ.

ಬಾಗಿಲಿನ ಪಾಠ

ಹಳೆಯ ಫ್ರಿಜ್‌ಗಳಿಗೆ ಹೊರಗಿನಿಂದ ಮಾತ್ರ ತೆಗೆಯಬಹುದಾದ ಚಿಲಕವಿತ್ತು. ಅಮೆರಿಕದಲ್ಲಿ ಆಟವಾಡುತ್ತ ಬಿಸಾಡಿದ ಫ್ರಿಜ್‌ಗಳೊಳಗೆ ಅಡಗಿದ ಮಕ್ಕಳು ಉಸಿರುಗಟ್ಟಿ ಸತ್ತರು. 1956ರಲ್ಲಿ ಅಲ್ಲಿ ಕಾನೂನು ಬಂತು: ಬಾಗಿಲು ಒಳಗಿನಿಂದಲೂ ತೆರೆಯಲು ಬರಬೇಕು. ಇಂದಿನ ಅಯಸ್ಕಾಂತದ ರಬ್ಬರ್ ಪಟ್ಟಿ ಅದಕ್ಕೆ ಸುಲಭದ ಉತ್ತರವಾಯಿತು. ನಿಮ್ಮ ಓಣಿಯಲ್ಲಿ ಯಾರಾದರೂ ಹಳೆ ಫ್ರಿಜ್ ಅಂಗಳಕ್ಕೆ ಹಾಕಿದ್ದರೆ ಮೊದಲು ಅದರ ಬಾಗಿಲು ಬಿಚ್ಚಿಸಿ. ಇದೊಂದು ಕೆಲಸ ನಾವು ಯುವಕರು ಮಾಡಬಹುದು.

ನಮ್ಮೂರಿಗೆ ಬಂದದ್ದು

1958ರಲ್ಲಿ ಗೋದ್ರೆಜ್ ಕಂಪನಿ ಫ್ರಿಜ್ ತಯಾರಿಕೆ ಆರಂಭಿಸಿತು. ಹೈದರಾಬಾದಿನ ಆಲ್ವಿನ್, ಆಮೇಲೆ ಕೆಲ್ವಿನೇಟರ್ ಹೆಸರುಗಳು ಹಿರಿಯರಿಗೆ ಇಂದಿಗೂ ನೆನಪಿವೆ. ಆದರೆ ಗಿರಣಿ ಕೆಲಸಗಾರರ ಸೊಲ್ಲಾಪುರದಲ್ಲಿ ಫ್ರಿಜ್ ಬಹುಕಾಲ ಶ್ರೀಮಂತರ ವಸ್ತುವೇ. ಮದುವೆ ಮನೆಗೆ ಗೋಣಿಚೀಲದಲ್ಲಿ ಸುತ್ತಿದ ಬರ್ಫದ ಗಡ್ಡೆ ಬರುತ್ತಿತ್ತು. ಓಣಿಗೊಂದೇ ಫ್ರಿಜ್ ಇದ್ದ ಕಾಲದಲ್ಲಿ ಅದು ಓಣಿಯದೇ ಆಗಿತ್ತು. ಜ್ವರ ಬಂದವರಿಗೆ ಬರ್ಫ, ಸಕ್ಕರೆ ಕಾಯಿಲೆಯವರ ಇನ್ಸುಲಿನ್, ನೆರೆಮನೆಯ ಹಾಲು ಎಲ್ಲಕ್ಕೂ ಅಲ್ಲಿ ಜಾಗ. 1990ರ ದಶಕದಲ್ಲಿ ಹೊಸ ಕಂಪನಿಗಳು ಬಂದ ಮೇಲೆ ಮನೆಮನೆಗೂ ಫ್ರಿಜ್ ಬರತೊಡಗಿತು.

ಅದರ ಜೊತೆ ಒಂದು ಅಭ್ಯಾಸವೂ ಬದಲಾಯಿತು. ಮೊದಲು ಸಾರು ಉಳಿದರೆ ರಾತ್ರಿಯೇ ಪಕ್ಕದ ಮನೆಗೆ ಹೋಗುತ್ತಿತ್ತು, ಏಕೆಂದರೆ ಮುಂಜಾನೆವರೆಗೆ ಅದು ನಿಲ್ಲುತ್ತಿರಲಿಲ್ಲ. ಈಗ ಅದು ಡಬ್ಬಿ ಸೇರುತ್ತದೆ, ನಾಲ್ಕು ದಿನವಾದ ಮೇಲೆ ಕಸಕ್ಕೆ ಹೋಗುತ್ತದೆ. 5 ಡಿಗ್ರಿಯಲ್ಲಿ ಸೂಕ್ಷ್ಮಜೀವಿಗಳು ನಿಧಾನವಾಗುತ್ತವೆ, ಸಾಯುವುದಿಲ್ಲ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಮಲಗಿರುತ್ತವೆ, ಅಷ್ಟೇ. ಬೇಯಿಸಿದ್ದನ್ನು ಎರಡು ಮೂರು ದಿನದೊಳಗೆ ಮುಗಿಸಿ, ಇಲ್ಲವೆ ಅವತ್ತೇ ಕೊಟ್ಟುಬಿಡಿ.

ಕೊನೆಗೊಂದು ಕೆಲಸ. ಫ್ರಿಜ್ ಹಿಂದಿನ ತಟ್ಟೆಯಲ್ಲಿ ನೀರು ನಿಂತಿದೆಯೇ ಇಂದೇ ನೋಡಿ. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವ ಜಾಗ ಅದು. ಪ್ಲಗ್ ತೆಗೆದು, ತಟ್ಟೆ ತಿಕ್ಕಿ ತೊಳೆದು ವಾರಕ್ಕೊಮ್ಮೆ ಒಣಗಿಸಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ವೈರ್‌ಮನ್‌ರನ್ನು ಕರೆಸಿ ನೋಡಿಸಿ.

ನಮ್ಮ ಫ್ರಿಜ್ ರಿಪೇರಿಯಾಗಿ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಅಟ್ಟದ ಮೇಲಿದ್ದ ಅಜ್ಜಿಯ ಹರವಿ ಕೆಳಗಿಳಿದಿತ್ತು, ಪಕ್ಕದ ಮನೆಯವರ ಫ್ರಿಜ್‌ನಲ್ಲಿ ನಮ್ಮ ಹಾಲಿಗೆ ಜಾಗ ಸಿಕ್ಕಿತ್ತು. ಹರವಿಯನ್ನು ನಾವು ಮತ್ತೆ ಅಟ್ಟಕ್ಕೆ ಹಾಕಿಲ್ಲ. ನಿಮ್ಮ ಓಣಿಗೆ ಮೊದಲ ಫ್ರಿಜ್ ಯಾರ ಮನೆಗೆ ಬಂತು, ಅದರಲ್ಲಿ ಯಾರ್ಯಾರ ಹಾಲು ಇರುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬನ್ನಿ. ಭಾನುವಾರ ಭೇಟಿಯಾದಾಗ ಕೇಳೋಣ.