ಸಂಯುಗ್ಮ ಪಾಲಿಮರ್‌ಗಳ ಅತಿವೇಗದ ಅರೇಖೀಯ ದ್ಯುತಿಗುಣಗಳು

ಒಂಟಿ ಬಂಧ, ಜೋಡಿ ಬಂಧಗಳು ಒಂದು ಬಿಟ್ಟು ಒಂದರಂತೆ ಬರುವ ಇಂಗಾಲದ ಸರಪಳಿಗಳಲ್ಲಿ ಪೈ ಎಲೆಕ್ಟ್ರಾನುಗಳು ಹಲವು ಪರಮಾಣುಗಳ ಉದ್ದಕ್ಕೂ ಹರಡಿರುತ್ತವೆ. ಪ್ರಬಲ ಲೇಸರ್ ಬಿದ್ದಾಗ ಈ ಸರಪಳಿಗಳ ಪಾಲಿಮರಿನ ವಕ್ರೀಭವನಾಂಕವೇ ಬೆಳಕಿನ ತೀವ್ರತೆಗೆ ತಕ್ಕಂತೆ ಬದಲಾಗುತ್ತದೆ; ಇದು ಅರೇಖೀಯ ಗುಣ. ಭಾರದ ಪರಮಾಣು ಕದಲುವ ಮೊದಲೇ ಹಗುರ ಎಲೆಕ್ಟ್ರಾನು ಸ್ಪಂದಿಸುವುದರಿಂದ ಇದೆಲ್ಲ ಫೆಮ್ಟೊಸೆಕೆಂಡುಗಳ ವ್ಯವಹಾರ. ಒಂದು ಫೆಮ್ಟೊಸೆಕೆಂಡಿನಲ್ಲಿ ಬೆಳಕೂ ಸಾಗುವುದು 0.3 ಮೈಕ್ರೊಮೀಟರ್ ಮಾತ್ರ.

ಈ ಸ್ಪಂದನೆಯನ್ನು ಗಣಿಸಲು ಎಲೆಕ್ಟ್ರಾನುಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಇಂಥ ಸರಪಳಿಯ ಅಣುಗಳಾದ ಪಾಲಿಯೀನ್‌ಗಳಲ್ಲಿ ಒಂಟಿ ಫೋಟಾನಿಗೆ ನಿಷಿದ್ಧವಾದ, ಎರಡು ಫೋಟಾನುಗಳಿಗೆ ಎಟುಕುವ ಸ್ಥಿತಿಯೇ ಒಂಟಿ ಫೋಟಾನಿಗೆ ಎಟುಕುವ ಸ್ಥಿತಿಗಿಂತ ಕೆಳಗಿನ ಶಕ್ತಿಯಲ್ಲಿರುವುದು 1972ರಲ್ಲಿ ಕಂಡುಬಂತು. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಸೇರಿಸದೆ ಇದಕ್ಕೆ ವಿವರಣೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷ ಮತ್ತು ಸಂಗಡಿಗರು ಅರೇಖೀಯ ಗುಣಾಂಕಗಳನ್ನು ಗಣಿಸಿದ್ದು ಈ ವಿಕರ್ಷಣೆಯನ್ನು ಒಳಗೊಂಡ ಮಾದರಿಗಳಿಂದಲೇ. ಸರಪಳಿ ಉದ್ದವಾದಷ್ಟೂ ಅದರ ಪ್ರತಿ ಘಟಕದ ಪರಿಣಾಮ ಏರುತ್ತಲೇ ಹೋಗುತ್ತದೆಂಬುದೂ ಪೂರ್ತಿ ನಿಜವಲ್ಲ. ಒಂದು ಹಂತದ ಬಳಿಕ ಪ್ರತಿ ಘಟಕದ ಪಾಲು ಸ್ಥಿರವಾಗುತ್ತದೆ.