ಫೋನಿನ ತಂತಿಯೊಳಗ ಬಂದ ಟಿ.ವಿ.

ಹತ್ತು ವರ್ಷದ ಹಿಂದಿನ ಮಾತು. ನಮ್ಮ ಗೀಗೀ ಮೇಳದ ಒಂದು ಪದವನ್ನು ಮೊಮ್ಮಗ ವಿಡಿಯೊ ಮಾಡಿ ವಿಜಾಪುರದ ಬೀಗರಿಗೆ ಕಳಿಸಾಕ ಕುಂತಿದ್ದ. ಫೋನಿನ ತಂತಿಯ ಇಂಟರ್ನೆಟ್ಟು ಅದು. ಹೊರಗಿನ ಹಾಡು ಗಳಿಗೆಯೊಳಗ ಬರತಿತ್ತು. ನಮ್ಮ ಪದ ಹೋಗಾಕ ಮಾತ್ರ ನಡುರಾತ್ರಿ ಆತು. "ಯಾಕೋ ಹಿಂಗ?" ಅಂದೆ. "ತಂತಿ ಕೆಲಸ ಮಾಡೋ ರೀತೀನ ಹಂಗ ಅದ, ಮುತ್ಯಾ" ಅಂದ. ಹಂಗ ಮಾಡಿದವರು ಯಾರು ಅಂತ ಮಾಸ್ತರರನ್ನು ಕೇಳಿ, ಓದಿಸಿಕೊಂಡು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಟೆಲಿಫೋನ್ ಹುಟ್ಟಿದ್ದು 1876ರಲ್ಲಿ. ಮನುಷ್ಯರ ಮಾತಿಗೆ ತಂತಿಯೊಳಗ ಸೆಕೆಂಡಿಗೆ 4 ಸಾವಿರ ಕಂಪನದ ಕೆಳಗಿನ ಜಾಗ ಸಾಕು. ಅದರ ಮೇಲಿನ ಏರುಸ್ವರದ ಜಾಗ ಮನೆಮನೆಯ ತಂತಿಯಲ್ಲಿ ಬೀಳು ಹೊಲದಂತೆ ಬಿದ್ದಿತ್ತು. 1980ರ ದಶಕದ ಕೊನೆಗೆ ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಇಂಜಿನಿಯರ್ ಜೋಸೆಫ್ ಲೆಕ್‌ಲೈಡರ್ ಈ ಬೀಳನ್ನು ಉಳುವ ಹಾದಿ ತೋರಿಸಿದರು. ಎರಡೂ ದಿಕ್ಕಿಗೆ ಸಮ ಜೋರು ಬಿಟ್ಟರೆ ಒಂದೇ ಕಟ್ಟಿನ ತಂತಿಗಳು ಒಂದರ ಸದ್ದು ಒಂದಕ್ಕೆ ಹತ್ತಿ ಗದ್ದಲ ಆಗತದ. ಮನೆಗೆ ಬರೋದು ಹೆಚ್ಚು, ಹೋಗೋದು ಕಡಿಮೆ ಮಾಡಿದರೆ ಗದ್ದಲ ತಗ್ಗತದ. ಇದೇ ಎ.ಡಿ.ಎಸ್.ಎಲ್.

ಕೇಳ್ರಿ, ಇದನ್ನು ಮಾಡಿದ್ದು ಇಂಟರ್ನೆಟ್ಟಿಗೆ ಅಲ್ಲ, ಮನೆಗೆ ಸಿನಿಮಾ ಕಳಿಸಾಕ! ಸಿನಿಮಾ ನೋಡೋ ಮನೆಯಿಂದ ಹೊರಗ ಹೋಗೋದು ಏನು? "ಈ ಚಿತ್ರ ಬೇಕು" ಅನ್ನೋ ಒಂದು ಮಾತು ಅಷ್ಟೆ. ಸ್ಟ್ಯಾನ್‌ಫರ್ಡಿನ ಜಾನ್ ಸಿಯೋಫಿ ತಂತಿಯ ಜಾಗವನ್ನು 256 ಸಣ್ಣ ಪಟ್ಟಿ ಮಾಡಿ, ಗದ್ದಲ ಇದ್ದ ಪಟ್ಟಿಗೆ ಕಡಿಮೆ ಹೊರೆ, ಶುದ್ಧ ಇದ್ದುದಕ್ಕೆ ಹೆಚ್ಚು ಹೊರೆ ಹೊರಿಸುವ ವಿದ್ಯೆ ಬೆಳೆಸಿದರು. ಆದರೆ ಸಿನಿಮಾ ವ್ಯಾಪಾರ ಆಗ ನಡೆಯಲಿಲ್ಲ. ಇಂಟರ್ನೆಟ್ ಬಂದು ಆ ತಂತಿಯನ್ನು ಹಿಡಿಯಿತು.

ಟಿ.ವಿ. ಆಮೇಲೆ ಬಂತು. 1999ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣ. 2002ರಲ್ಲಿ ಕೆನಡಾದ ಗೋಧಿ ನಾಡು ಸಸ್ಕ್ಯಾಚೆವಾನ್, ಅಲ್ಲಿನ ಸರಕಾರದ್ದೇ ಕಂಪನಿ ಸಸ್ಕ್‌ಟೆಲ್. 2006ರಲ್ಲಿ ದಿಲ್ಲಿ, ಮುಂಬಯಿಗಳಲ್ಲಿ ಎಂ.ಟಿ.ಎನ್.ಎಲ್.

ಇದರ ಜೋಡಣೆ ನಮ್ಮ ಕಾಲುವೆಯ ಪಾಳಿ ಇದ್ದಂಗ. ಕೇಬಲ್ಲಿನಲ್ಲಿ ಎಲ್ಲಾ ಚಾನೆಲ್ ಒಮ್ಮೆಲೇ ಮನೆಗೆ ಬರತಾವ. ಸಣ್ಣ ಫೋನ್ ತಂತಿಗೆ ಆ ತಾಕತ್ತಿಲ್ಲ. ಹಂಗಾಗಿ ಚಾನೆಲ್ಲೆಲ್ಲಾ ಎಕ್ಸ್‌ಚೇಂಜಿನ ತನಕ ಬಂದು ನಿಲ್ಲತಾವ; ನೀವು ರಿಮೋಟ್ ಒತ್ತಿದ ಚಾನೆಲ್ ಅಷ್ಟೇ ಮನೆಗೆ ಇಳೀತದ. ಟಿ.ವಿ.ಗೆ ಒಂದು ಕಾಲುವೆ, ಇಂಟರ್ನೆಟ್ಟಿಗೆ ಇನ್ನೊಂದು ಮಾಡಿ, ಇಕ್ಕಟ್ಟು ಬಂದಾಗ ಮೊದಲು ಟಿ.ವಿ.ಗೆ ಬಿಡತಾರ. ಇಲ್ಲಾಂದ್ರ ಚಿತ್ರ ಒಡೀತದ. ಎಕ್ಸ್‌ಚೇಂಜು ದೂರ ಆದಷ್ಟೂ ವೇಗ ಬತ್ತತದ. ಕಾಲುವೆ ತುದಿಯ ಹೊಲದವರಿಗೆ ಈ ಸಂಕಟ ಹೇಳಬೇಕಾಗಿಲ್ಲ.

ನಮ್ಮ ಪದ ತಡ ಆದದ್ದು ಇದಕ್ಕೇ. ಮನೆ ಅಂದ್ರ ಕೂತು ನೋಡೋ ಜಾಗ ಅಂತ ತಿಳಿದು ತಂತಿಯ ಪಾಲು ಹಂಚಿದ್ದರು. ಗೀಗೀ ಹಾಡೋರಿಗೆ ಹಿಮ್ಮೇಳದ ಉತ್ತರ ಇಲ್ಲದೆ ಪದ ಮುಂದ ಹೋಗೋದಿಲ್ಲ. ಗಡಿನಾಡಿನ ನಮಗಂತೂ ಬರೋ ಮಾತಿನಷ್ಟೇ ಹೋಗೋ ಮಾತೂ ಬೇಕು. ಈಗಿನ ಗಾಜಿನ ಎಳೆಯ ಫೈಬರಿನಲ್ಲಿ ಎರಡೂ ದಿಕ್ಕಿಗೆ ಸಮ ವೇಗ ಕೊಡಬಹುದು. ಊರಿಗೆ ಅದು ಬಂದ ದಿನ ನಮ್ಮ ಹುಡುಗರು ಬರೇ ನೋಡಕೊಂತ ಕೂಡಬಾರದು. ನಮ್ಮ ಪದವನ್ನೂ ಕಳಿಸಬೇಕು.