ಹೆಪ್ಪು ಎರವಲು ತಂದ ಕಂಪ್ಯೂಟರ್

ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, 'ಫೋನ್ ಬಗ್ಗೆ' ಎಂಬಲ್ಲಿ ಕಾನೂನು ಮಾಹಿತಿಯನ್ನು ಹುಡುಕಿ ನೋಡಿ. ಮುಗಿಯದಷ್ಟು ಉದ್ದದ ಲೈಸೆನ್ಸ್ ಪಟ್ಟಿ ಬರುತ್ತದೆ. ಯಾರೂ ಓದುವುದಿಲ್ಲ, ನಾವೂ ಓದಿರಲಿಲ್ಲ. ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಮುಕ್ತ ತಂತ್ರಾಂಶ ಫೋನಿನೊಳಗೆ ಕೂತಿದೆ ಅನ್ನುವುದಕ್ಕೆ ಆ ಪಟ್ಟಿಯೇ ಸಾಕ್ಷಿ. ಕಂಪನಿಗಳು ಹೀಗೆ ತಮ್ಮ ಯಂತ್ರದ ಜೊತೆ ಅದನ್ನು ಕೊಡುವ ಪದ್ಧತಿ ಈ ಫೋನುಗಳಿಗಿಂತ ಹಳೆಯದು.

1980ರ ದಶಕದಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ದುಬಾರಿ ಕಂಪ್ಯೂಟರುಗಳನ್ನು ಮಾರುತ್ತಿತ್ತು. ನಿಮ್ಮ ಫೋನಿಗೆ ಆಂಡ್ರಾಯ್ಡ್ ಇದ್ದಹಾಗೆ ಅವಕ್ಕೆ ಯುನಿಕ್ಸ್. ಜೊತೆಗೆ ಒಂದು ಸಿ ಕಂಪೈಲರ್ ಬರುತ್ತಿತ್ತು. ಕಂಪೈಲರ್ ಅಂದರೆ ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಸಾಧನ. 1992ರಲ್ಲಿ ಸೊಲಾರಿಸ್ 2 ಬಂದಾಗ ಸನ್ ಅದನ್ನು ತೆಗೆದು ಪ್ರತ್ಯೇಕ ಬೆಲೆಗೆ ಮಾರತೊಡಗಿತು. ಗಾಡಿ ಕೊಂಡವನಿಗೆ ನೊಗಕ್ಕೆ ಬೇರೆ ದುಡ್ಡು ಕೇಳಿದ ಹಾಗೆ.

ಅಷ್ಟರಲ್ಲಾಗಲೇ ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಜಿಸಿಸಿ ಎಂಬ ಮುಕ್ತ ಕಂಪೈಲರನ್ನು ಹೊರತಂದಿದ್ದರು. ಆದರೆ ಒಂದು ಫಜೀತಿ. ಜಿಸಿಸಿಯನ್ನು ಬರೆದದ್ದೂ ಸಿ ಭಾಷೆಯಲ್ಲೇ. ಅದನ್ನು ಸಿದ್ಧಪಡಿಸಲು ಮೊದಲೇ ಒಂದು ಕಂಪೈಲರ್ ಬೇಕು! ಮೊಸರು ಮಾಡಲು ಮೊಸರೇ ಬೇಕಲ್ಲ, ಹಾಗೆ. ಹೆಪ್ಪಿಗೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವಲ್ಲವೇ? ಅವರೂ ಅದನ್ನೇ ಮಾಡಿದರು. ಕಂಪೈಲರ್ ಇದ್ದವರು ಸಿದ್ಧಪಡಿಸಿದ ಜಿಸಿಸಿಯನ್ನು ಇಲ್ಲದವರು ನಕಲು ಮಾಡಿಕೊಂಡರು. ಇದು ಕಳ್ಳತನವಲ್ಲ, ಲೈಸೆನ್ಸೇ ಹಂಚಿಕೊಳ್ಳಿ ಅನ್ನುತ್ತಿತ್ತು.

ಅದೇ ಲೈಸೆನ್ಸಿನಲ್ಲಿ ಇನ್ನೊಂದು ಷರತ್ತೂ ಇತ್ತು: ಬದಲಿಸಿ ಹಂಚಿದರೆ ಆ ಬದಲಾವಣೆಯ ಮೂಲವನ್ನೂ ಕೊಡಬೇಕು. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ತನ್ನ ಕಂಪ್ಯೂಟರಿಗೆ ಜಿಸಿಸಿಯನ್ನೇ ತೆಗೆದುಕೊಂಡು ಆಬ್ಜೆಕ್ಟಿವ್-ಸಿ ಭಾಷೆಯ ಭಾಗ ಸೇರಿಸಿತು. ಆ ಭಾಗವನ್ನು ಮುಚ್ಚಿಡಲು ನೋಡಿತು. ಸ್ಟಾಲ್ಮನ್ ಒಪ್ಪಲಿಲ್ಲ. ಕೊನೆಗೆ ನೆಕ್ಸ್ಟ್ ಕೊಟ್ಟಿತು. ಇಡೀ ಕಥೆಯಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದೇ.

ಸನ್ ಕೂಡ ಬದಲಾಯಿತು. ಸೊಲಾರಿಸ್ 8ರ ಹೊತ್ತಿಗೆ ಮುಕ್ತ ತಂತ್ರಾಂಶ ತುಂಬಿದ ಒಂದು ಸಿ.ಡಿ. ಜೊತೆಗೆ ಬರತೊಡಗಿತು, ಕೆಟ್ಟರೆ ಕಂಪನಿಯನ್ನು ಕೇಳುವಂತಿಲ್ಲ, ಅಷ್ಟೆ. ಅದರಲ್ಲಿ ಜಿಸಿಸಿಯೂ ಇತ್ತು. 2005ರ ಸೊಲಾರಿಸ್ 10ರಲ್ಲಂತೂ ಜಿಸಿಸಿ ಯುನಿಕ್ಸಿನ ಒಳಗೇ ಸೇರಿಕೊಂಡಿತ್ತು. ಅದೇ ವರ್ಷ ಸನ್ ತನ್ನ ಸ್ವಂತ ಕಂಪೈಲರಿಗೂ ದುಡ್ಡು ಕೇಳುವುದನ್ನು ಬಿಟ್ಟಿತು.